ಮುಪ್ಪಿನ ಉನ್ಮಾದವೂ ಉಪ್ಪಿನ ಅಳತೆಯೂ

ಅರವತ್ತಕ್ಕೆ ಅರಳುಮರಳೆಂಬ ಗಾದೆಯು ಕನ್ನಡ ನಾಡಿನ ಮನೆಮನೆಗಳಲ್ಲಿ ಬಳಕೆಯಲ್ಲಿರುವ ಮಾತು. ಇಳಿವಯಸ್ಸಿನವರು ಹಗಲಿರುಳೆನ್ನದೆ ಮಾತನಾಡತೊಡಗಿದರೂ, ಕೂಡಿಟ್ಟ ಹಣವನ್ನು ಕಂಡಕಂಡವರಿಗೆ ಹಂಚತೊಡಗಿದರೂ, ನಿದ್ರೆಯೇ ಬೇಡವೆಂದು ನಡುರಾತ್ರಿಯಲ್ಲಿ ಎದ್ದು ಬೀದಿ ಸುತ್ತತೊಡಗಿದರೂ ಮನೆಯವರು ಈ ಗಾದೆಯನ್ನು ಹೇಳಿ ಸುಮ್ಮನಾಗುವುದುಂಟು. ವಯಸ್ಸಾಯಿತು, ಬುದ್ಧಿ ಕೆಟ್ಟಿತು, ಇನ್ನು ಮಾಡುವುದೇನಿದೆ ಎಂಬುದು ಅದರ ತಾತ್ಪರ್ಯ. ಆದರೆ ಹೀಗೆ ತೋರುವುದೆಲ್ಲವೂ ಅರಳುಮರಳಲ್ಲ. ಮುಪ್ಪಿನಲ್ಲಿ ಕಾಣುವ ಉನ್ಮಾದವು ಬೇರೆಯೇ ಒಂದು ವ್ಯಾಧಿ. ಅದು ಬಂದಂತೆಯೇ ಹೋಗಲೂ ಬಲ್ಲುದು. ಅದಕ್ಕೆ ಚಿಕಿತ್ಸೆಯೂ ಉಂಟು. ಈ ಭೇದವನ್ನು ವೈದ್ಯಲೋಕವು ತಿಳಿದುಕೊಂಡುದು ಇಪ್ಪತ್ತನೆಯ ಶತಮಾನದ ನಡುವಿನಲ್ಲಿ. ಚಿಕಿತ್ಸೆಯ ಅಳತೆಯನ್ನು ಕಲಿತುದು ಇನ್ನೂ ಈಚೆಗೆ. ಆ ಕಲಿಕೆಗೆ ತೆತ್ತ ಬೆಲೆಯು ಸಣ್ಣದಲ್ಲ.

ಈ ವ್ಯಾಧಿಗೆ ಸಿಕ್ಕಿದ ವೃದ್ಧರೊಳಗೆ, ದಿನದಿನದ ವಿವರವೂ ಬರಹದಲ್ಲಿ ಉಳಿದು ಬಂದಿರುವುದು ಇಂಗ್ಲೆಂಡಿನ ಮೂರನೆಯ ಜಾರ್ಜ್ ಅರಸನ ವಿಷಯದಲ್ಲಿ. ಈತನ ಕಾಲವು ಕನ್ನಡಿಗರಿಗೆ ಅಪರಿಚಿತವಲ್ಲ. 1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆ ಬಿದ್ದು ಟಿಪ್ಪು ಸುಲ್ತಾನನು ಮಡಿದಾಗ ಇಂಗ್ಲೆಂಡಿನ ಸಿಂಹಾಸನದಲ್ಲಿದ್ದವನು ಇವನೇ. 1738ರಲ್ಲಿ ಹುಟ್ಟಿ 1760ರಲ್ಲಿ ಪಟ್ಟವೇರಿದ ಈ ಅರಸನು ಮಿತಾಹಾರಿ, ದೈವಭಕ್ತ, ಬೇಸಾಯದಲ್ಲಿ ವಿಶೇಷ ಆಸಕ್ತಿಯುಳ್ಳವನು. ಪ್ರಜೆಗಳು ಆತನನ್ನು ರೈತ ಜಾರ್ಜ್ ಎಂದೇ ಹಾಸ್ಯಮಾಡುತ್ತಿದ್ದರು. 1788ರ ಶರತ್ಕಾಲದಲ್ಲಿ, ಐವತ್ತು ತುಂಬಿದ ವರ್ಷದಲ್ಲಿ, ಆತನಿಗೆ ಮೊದಲು ಹೊಟ್ಟೆನೋವು ಬಂದಿತು. ಬಳಿಕ ನಿದ್ರೆ ಹೋಯಿತು. ನವೆಂಬರಿನ ಹೊತ್ತಿಗೆ ಮಾತು ಕಟ್ಟೆಯೊಡೆದು ಹರಿಯಿತು. ಒಮ್ಮೆ ಹತ್ತೊಂಬತ್ತು ಗಂಟೆಗಳ ಕಾಲ ಎಡೆಬಿಡದೆ ಮಾತನಾಡಿದನೆಂದು ಬಳಿಯಿದ್ದವರು ಬರೆದಿಟ್ಟಿರುವರು. ದನಿ ಬಿದ್ದುಹೋದರೂ ಮಾತು ನಿಲ್ಲಲಿಲ್ಲ.

ಆಸ್ಥಾನದ ವೈದ್ಯರಿಗೆ ದಿಕ್ಕು ತೋರದಿರಲು, ಡಿಸೆಂಬರಿನಲ್ಲಿ ಲಿಂಕನ್‌ಷೈರಿನಿಂದ ಫ್ರಾನ್ಸಿಸ್ ವಿಲ್ಲಿಸ್ ಎಂಬವನನ್ನು ಕರೆಯಿಸಿದರು. ಈತನು ಪಾದ್ರಿಯೂ ಅಹುದು, ವೈದ್ಯನೂ ಅಹುದು. ತನ್ನ ಊರಿನಲ್ಲಿ ಬುದ್ಧಿ ಕೆಟ್ಟವರಿಗಾಗಿ ಒಂದು ಮನೆಯನ್ನು ನಡೆಸುತ್ತಿದ್ದನು. ಧರ್ಮಕಾರ್ಯವನ್ನು ಬಿಟ್ಟು ವೈದ್ಯವನ್ನೇಕೆ ಹಿಡಿದೆಯೆಂದು ಅರಸನು ಆತನನ್ನು ಆಕ್ಷೇಪಿಸಲು, ಯೇಸುಸ್ವಾಮಿಯೂ ರೋಗಿಗಳನ್ನು ಗುಣಪಡಿಸುತ್ತ ಸಂಚರಿಸಲಿಲ್ಲವೇ ಎಂದು ವಿಲ್ಲಿಸನು ಉತ್ತರಕೊಟ್ಟನಂತೆ. ಅಹುದು, ಆದರೆ ಅದಕ್ಕಾಗಿ ಆತನಿಗೆ ವರ್ಷಕ್ಕೆ 700 ಪೌಂಡು ಬರುತ್ತಿರಲಿಲ್ಲ ಎಂದು ಅರಸನು ತಿರುಗಿ ನುಡಿದನಂತೆ. ಹುಚ್ಚನೆಂದು ಎಲ್ಲರೂ ಕೈಬಿಟ್ಟ ಮನುಷ್ಯನ ಬಾಯಿಂದ ಬಂದ ಮಾತಿದು. ಉನ್ಮಾದದಲ್ಲಿ ಬುದ್ಧಿಯು ನಾಶವಾಗುವುದಿಲ್ಲ, ಕಡಿವಾಣ ಕಳಚಿದ ಕುದುರೆಯಂತೆ ಓಡುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನವು ದೊರೆಯಲಾರದು. ಆದರೆ ಆ ಕಾಲದವರು ಅದನ್ನು ಹಾಗೆ ಕಾಣಲಿಲ್ಲ.

ವಿಲ್ಲಿಸನ ಚಿಕಿತ್ಸೆಯಾದರೂ ಎಂತಹದು? ಅರಸನು ಮಾತು ಕೇಳದಿದ್ದರೆ ಉದ್ದತೋಳಿನ ಅಂಗಿಯನ್ನು ತೊಡಿಸಿ ಕೈಗಳನ್ನು ಅಲುಗದಂತೆ ಬಿಗಿಯುವುದು. ಅದೂ ಸಾಲದಾದರೆ ಕುರ್ಚಿಗೆ ಕಟ್ಟುವುದು. ಕಾಲುಗಳಿಗೆ ಬೊಕ್ಕೆಯೇಳಿಸುವ ಲೇಪವನ್ನು ಹಚ್ಚಿ ಕೆಟ್ಟ ರಸವನ್ನು ಹೊರಗೆಳೆಯುವುದು. ವಾಂತಿಗೂ ಭೇದಿಗೂ ಔಷಧವನ್ನು ಕುಡಿಸುವುದು. ಆ ಕುರ್ಚಿಯನ್ನು ಅರಸನು ತನ್ನ ಪಟ್ಟಾಭಿಷೇಕದ ಪೀಠವೆಂದು ಕರೆಯುತ್ತಿದ್ದನು. ಹೊರಗಡೆ ಪಾರ್ಲಿಮೆಂಟಿನಲ್ಲಿ ರಾಜ್ಯಭಾರವು ಯಾರದೆಂಬ ಕೋಲಾಹಲವೆದ್ದಿತು. ವೈದ್ಯರನ್ನು ಸಭೆಗೆ ಕರೆಯಿಸಿ ಪ್ರಶ್ನಿಸಿದರು. ವೈದ್ಯರು ಒಬ್ಬರೊಡನೊಬ್ಬರು ಜಗಳವಾಡಿದರು. ಹೀಗಿರಲು 1789ರ ಫೆಬ್ರವರಿಯಲ್ಲಿ ಅರಸನು ತಾನಾಗಿಯೇ ಎಂಬಂತೆ ಚೇತರಿಸಿಕೊಂಡನು. ಏಪ್ರಿಲ್ 23ರಂದು ಸಂತ ಪಾಲರ ದೇವಾಲಯದಲ್ಲಿ ಕೃತಜ್ಞತಾಪೂಜೆ ನಡೆಯಿತು. ಕೀರ್ತಿಯೆಲ್ಲವೂ ವಿಲ್ಲಿಸನಿಗೆ ಸಂದಿತು. ಉನ್ಮಾದವು ಕೆಲವು ತಿಂಗಳಿದ್ದು ಔಷಧವಿಲ್ಲದೆಯೂ ಇಳಿಯುವುದುಂಟೆಂಬುದನ್ನು ತಿಳಿದವರು, ಆ ಲೇಪಗಳಿಗೂ ಆ ಕುರ್ಚಿಗೂ ಈ ಗುಣದಲ್ಲಿ ಪಾಲಿತ್ತೆಂದು ಒಪ್ಪುವುದು ಕಷ್ಟ.

ವ್ಯಾಧಿಯು ಮತ್ತೆ 1801ರಲ್ಲಿ, ಅರಸನಿಗೆ 62 ವರ್ಷವಾಗಿದ್ದಾಗ ಮರುಕಳಿಸಿತು. ಈ ಸಲ ಬಂದವರು ವಿಲ್ಲಿಸನ ಮಕ್ಕಳು. ಗುಣವಾದ ಮೇಲೆಯೂ ಅವರು ಆತನನ್ನು ಕ್ಯೂ ಅರಮನೆಯಲ್ಲಿ ಬಹಳ ದಿನ ಬಂಧನದಲ್ಲಿಟ್ಟರು. 1804ರಲ್ಲಿ ಮೂರನೆಯ ಸಲ ಬಂದಾಗ, ವಿಲ್ಲಿಸರ ಮುಖವನ್ನು ಮಾತ್ರ ತೋರಿಸಬಾರದೆಂದು ರಾಜಕುಟುಂಬವೇ ಹಟಹಿಡಿಯಿತು. ಬೇರೆಯ ವೈದ್ಯನು ಬಂದನು. ಅಂಗಿಯು ಮಾತ್ರ ಅದೇ. ಕೊನೆಯ ಸಲ ಬಂದುದು 1810ರಲ್ಲಿ. ಪ್ರೀತಿಯ ಕಿರಿಯ ಮಗಳು ಅಮೀಲಿಯಾ ಸಾಯುತ್ತಿದ್ದಳು. 72 ವರ್ಷದ ತಂದೆಯು ಆಗಲೇ ಕಣ್ಣಿನ ಪೊರೆಯಿಂದ ಬಹುಮಟ್ಟಿಗೆ ಕುರುಡನಾಗಿದ್ದನು. 1811ರ ಫೆಬ್ರವರಿಯಲ್ಲಿ ಮಗನು ರಾಜಪ್ರತಿನಿಧಿಯಾದನು. ಅದೇ ಮೇ ತಿಂಗಳಲ್ಲಿ ವೃದ್ಧನು ಒಮ್ಮೆ ಕುದುರೆಯೇರಿ ವಿಂಡ್ಸರಿನಲ್ಲಿ ಜನರಿಗೆ ಕಾಣಿಸಿಕೊಂಡನು, ಮತ್ತೆ ಕಾಣಿಸಲಿಲ್ಲ.

ಅನಂತರದ ವರ್ಷಗಳ ವೃತ್ತಾಂತವು ಓದುವುದಕ್ಕೆ ಕಷ್ಟವಾದುದು. ವಿಂಡ್ಸರಿನ ಕೆಲವು ಕೋಣೆಗಳಲ್ಲಿ, ನೇರಿಳೆಬಣ್ಣದ ನಿಲುವಂಗಿಯನ್ನು ತೊಟ್ಟು, ಬಿಳಿಯ ಗಡ್ಡವನ್ನು ಬಿಟ್ಟು, ಸತ್ತವರೊಡನೆ ಮಾತನಾಡುತ್ತ ಅರಸನು ಓಡಾಡುತ್ತಿದ್ದನು. ಸಂಗೀತವು ಮಾತ್ರ ಉಳಿದಿತ್ತು. ಕಿವಿ ಮಂದವಾದ ಮೇಲೆಯೂ ಹಾರ್ಪ್ಸಿಕಾರ್ಡ್ ವಾದ್ಯವನ್ನು ನುಡಿಸುತ್ತಿದ್ದನು. 1818ರಲ್ಲಿ ರಾಣಿ ಷಾರ್ಲಟ್ ತೀರಿಕೊಂಡುದು ಆತನಿಗೆ ತಿಳಿಯಲಿಲ್ಲ. 1819ರ ಕ್ರಿಸ್‌ಮಸ್ಸಿನ ವೇಳೆಗೆ ಐವತ್ತೆಂಟು ಗಂಟೆಗಳ ಕಾಲ ನಿಲ್ಲದೆ ಮಾತನಾಡಿದನೆಂದು ಹೇಳುವರು. 1820ರ ಜನವರಿ 29ರಂದು, ಎಂಬತ್ತೊಂದು ವರ್ಷ ವಯಸ್ಸಿನಲ್ಲಿ, ಆತನ ಬಾಳು ಮುಗಿಯಿತು. ಈ ಕೊನೆಯ ದಶಕದಲ್ಲಿ ಉನ್ಮಾದದೊಡನೆ ನಿಜವಾದ ಅರಳುಮರಳೂ ಸೇರಿಕೊಂಡಿದ್ದಿತೆಂದು ಈಗಿನ ವಿಮರ್ಶಕರು ಎಣಿಸುತ್ತಾರೆ. ಎರಡನ್ನೂ ಬೇರ್ಪಡಿಸಿ ನೋಡುವವರು ಆಗ ಯಾರೂ ಇರಲಿಲ್ಲ.

ಆತನ ವ್ಯಾಧಿ ಯಾವುದೆಂಬ ವಾದವು ಇಪ್ಪತ್ತನೆಯ ಶತಮಾನದಲ್ಲಿ ಮತ್ತೆ ಎದ್ದಿತು. ಐಡಾ ಮೆಕಾಲ್ಪೈನ್ ಮತ್ತು ರಿಚರ್ಡ್ ಹಂಟರ್ ಎಂಬ ತಾಯಿಮಕ್ಕಳು, ಇಬ್ಬರೂ ವೈದ್ಯರು, 1966ರಲ್ಲಿ ಇದು ಮನೋರೋಗವೇ ಅಲ್ಲ, ಪಾರ್ಫಿರಿಯಾ ಎಂಬ ವಂಶಪಾರಂಪರ್ಯದ ದೇಹರೋಗವೆಂದು ಸಾಧಿಸಹೊರಟರು. ಮೂತ್ರದ ಬಣ್ಣ, ಹೊಟ್ಟೆನೋವು, ಕೈಕಾಲುಗಳ ನಿಶ್ಶಕ್ತಿ ಇವು ಅವರ ಆಧಾರ. ಅರಸನ ಮೇಲಿದ್ದ ಹುಚ್ಚಿನ ಕಳಂಕವನ್ನು ತೊಡೆದ ಈ ವಾದವು ಇಂಗ್ಲಿಷ್ ಜನರಿಗೆ ರುಚಿಸಿತು. ನಾಟಕ, ಚಲನಚಿತ್ರಗಳಿಗೂ ಹತ್ತಿತು. ಆದರೆ 2010ರಲ್ಲಿ ತಿಮೊಥಿ ಪೀಟರ್ಸ್ ಮೊದಲಾದವರು ಹಳೆಯ ವೈದ್ಯರ ದಿನಚರಿಗಳನ್ನು ಮತ್ತೆ ತಿರುವಿಹಾಕಿ, ಪಾರ್ಫಿರಿಯಾದ ಲಕ್ಷಣಗಳನ್ನು ಮಾತ್ರ ಆಯ್ದು ಉಳಿದವನ್ನು ಬಿಟ್ಟಿರುವರೆಂದು ತೋರಿಸಿದರು. ಮರುಕಳಿಸುವ ಉನ್ಮಾದವೇ ದಾಖಲೆಗಳಿಗೆ ಒಪ್ಪುವ ನಿರ್ಣಯವೆಂದರು. 2017ರಲ್ಲಿ ಲಂಡನ್ನಿನ ವಿದ್ವಾಂಸರು ಅರಸನ ಕಾಗದಪತ್ರಗಳನ್ನು ಗಣಕಯಂತ್ರಕ್ಕೆ ಕೊಟ್ಟು, ಸ್ವಸ್ಥ ಕಾಲದ ಬರವಣಿಗೆಗೂ ರೋಗದ ಕಾಲದ ಬರವಣಿಗೆಗೂ ಇರುವ ವ್ಯತ್ಯಾಸವನ್ನು ಅಳೆದರು. ಅದೂ ಈ ಪಕ್ಷಕ್ಕೇ ಬಲಕೊಟ್ಟಿತು. ದೇಹರೋಗವೆಂದರೆ ಗೌರವ, ಮನೋರೋಗವೆಂದರೆ ಅಗೌರವ ಎಂಬ ಭಾವನೆಯು ಚರಿತ್ರಕಾರರನ್ನೂ ಬಿಡದೆಂಬುದು ಈ ವಾದದಿಂದ ವ್ಯಕ್ತವಾಗುತ್ತದೆ.

ಅರಸನು ವಿಂಡ್ಸರಿನಲ್ಲಿ ಹೀಗೆ ಇರುತ್ತಿರುವಾಗಲೇ, 1817ರಲ್ಲಿ, ಸ್ವೀಡನ್ ದೇಶದಲ್ಲಿ ಅರ್ಫ್‌ವೆಡ್‌ಸನ್ ಎಂಬ ತರುಣ ರಸಾಯನಶಾಸ್ತ್ರಜ್ಞನು ಊಟೋ ದ್ವೀಪದ ಒಂದು ಕಲ್ಲನ್ನು ಪರೀಕ್ಷಿಸುತ್ತಿದ್ದನು. ಅದರಲ್ಲಿ ಅದುವರೆಗೆ ಯಾರೂ ಅರಿಯದ ಒಂದು ಧಾತುವು ಕಂಡುಬಂದಿತು. ಕಲ್ಲಿನಲ್ಲಿ ಹುಟ್ಟಿದುದರಿಂದ, ಗ್ರೀಕ್ ಭಾಷೆಯಲ್ಲಿ ಕಲ್ಲಿಗಿರುವ ಹೆಸರನ್ನೇ ಹಿಡಿದು ಅದನ್ನು ಲಿಥಿಯಂ ಎಂದು ಕರೆದರು. ಅತ್ಯಂತ ಹಗುರವಾದ ಲೋಹ. ಬೆಂಕಿಗೆ ಹಿಡಿದರೆ ಕಡುಗೆಂಪಾದ ಜ್ವಾಲೆ. ಆ ಮುದುಕನ ವ್ಯಾಧಿಗೂ ಈ ಕಲ್ಲಿನ ಉಪ್ಪಿಗೂ ಸಂಬಂಧವಿರಬಹುದೆಂದು ಕನಸು ಕಾಣುವುದಕ್ಕೂ ಆಗ ಕಾರಣವಿರಲಿಲ್ಲ. ಆ ಸಂಬಂಧವು ಬೆಳಕಿಗೆ ಬರಲು ನೂರಮೂವತ್ತು ವರ್ಷಗಳು ಹಿಡಿದವು.

ಅಷ್ಟರಲ್ಲಿ ವ್ಯಾಧಿಗೆ ಒಂದು ಆಕಾರವೂ ಹೆಸರೂ ದೊರೆತವು. ಉನ್ಮಾದವೆಂಬ ಪದವು ಚರಕಸಂಹಿತೆಯಷ್ಟು ಹಳೆಯದು. ಗ್ರೀಕರಿಗೂ ಅದಕ್ಕೊಂದು ಹೆಸರಿದ್ದಿತು. ಆದರೆ ಮೇಲೇರಿದ ಉನ್ಮಾದವೂ ಕೆಳಗಿಳಿದ ವಿಷಾದವೂ ಒಂದೇ ರೋಗದ ಎರಡು ಮುಖಗಳೆಂದು ಖಚಿತವಾಗಿ ವರ್ಣಿಸಿದವರು ಪ್ಯಾರಿಸ್ಸಿನ ಫಾಲ್ರೆ ಮತ್ತು ಬೈಯಾರ್ಜೆ. 1854ರಲ್ಲಿ ಇಬ್ಬರೂ ತಾನು ಮುಂದು ತಾನು ಮುಂದು ಎಂದು ವಾದಿಸಿದರು. ಜರ್ಮನಿಯ ಕ್ರೇಪೆಲಿನ್ 1899ರಲ್ಲಿ ಇವೆಲ್ಲವನ್ನೂ ಉನ್ಮಾದವಿಷಾದ ರೋಗವೆಂಬ ಒಂದೇ ಮನೆಯೊಳಗೆ ಸೇರಿಸಿ, ಬುದ್ಧಿಯನ್ನು ಕ್ರಮವಾಗಿ ಕೆಡಿಸುವ ಬೇರೆ ವ್ಯಾಧಿಗಳಿಂದ ಬೇರ್ಪಡಿಸಿದನು. ಈಗ ಅದನ್ನೇ ಬೈಪೋಲಾರ್ ಎನ್ನುತ್ತಾರೆ. ಎರಡು ಧ್ರುವಗಳುಳ್ಳದ್ದು ಎಂದರ್ಥ.

ಆದರೂ ಹುಚ್ಚಾಸ್ಪತ್ರೆಗೆ ಬಂದ ಮುದುಕರ ಪಾಲಿಗೆ ಈ ವಿಭಾಗವು ಬಹಳ ಕಾಲ ಇರಲಿಲ್ಲ. ತಲೆ ನರೆತವನು ಬಂದನೆಂದರೆ ಮುಪ್ಪಿನ ಬುದ್ಧಿಭ್ರಮಣೆಯೆಂದು ಬರೆದು ಹಿಂದಿನ ಕೋಣೆಗೆ ಕಳುಹಿಸುವುದು ಎಲ್ಲೆಡೆಯ ವಾಡಿಕೆ. ಇಂಗ್ಲೆಂಡಿನ ಚಿಚೆಸ್ಟರಿನ ಬಳಿ ಗ್ರೇಲಿಂಗ್‌ವೆಲ್ ಎಂಬ ಆಸ್ಪತ್ರೆ. ಅಲ್ಲಿ ಮಾರ್ಟಿನ್ ರಾತ್ ಎಂಬ ವೈದ್ಯರು ಅರವತ್ತು ದಾಟಿ ಬಂದ ರೋಗಿಗಳ ಹಳೆಯ ಕಡತಗಳನ್ನು ತೆಗೆದು, ಬಂದಾಗಿನ ಲಕ್ಷಣಗಳ ಮೇಲೆ ಅವರನ್ನು ಐದು ಗುಂಪುಗಳಾಗಿ ವಿಂಗಡಿಸಿ, ಪ್ರತಿಯೊಬ್ಬರೂ ಮುಂದೆ ಏನಾದರೆಂಬುದನ್ನು ಲೆಕ್ಕಹಾಕಿದರು. 1955ರಲ್ಲಿ ಪ್ರಕಟವಾದ ಆ ಪ್ರಬಂಧದ ಫಲಿತಾಂಶವು ಕಣ್ಣಿಗೆ ಹೊಡೆಯುವಂತಿದ್ದಿತು. ಮುಪ್ಪಿನ ಬುದ್ಧಿನಾಶದ ಗುಂಪಿನವರಲ್ಲಿ ಬಹುಮಂದಿ ಎರಡು ವರ್ಷಗಳೊಳಗೆ ಮರಣಹೊಂದಿದ್ದರು. ಉನ್ಮಾದ ಮತ್ತು ವಿಷಾದದ ಗುಂಪಿನವರಲ್ಲಿ ಬಹುಮಂದಿ ಗುಣಹೊಂದಿ ಮನೆಗೆ ಹೋಗಿದ್ದರು. ಒಂದೇ ಕೋಣೆಯಲ್ಲಿ, ಒಂದೇ ಹೆಸರಿನಡಿಯಲ್ಲಿ, ಹೋಗಬಲ್ಲವರನ್ನೂ ಹೋಗಲಾರದವರನ್ನೂ ಕೂಡಿಹಾಕಿದ್ದರೆಂಬುದು ಅಂಕೆಗಳಿಂದ ಹೊರಬಿದ್ದಿತು. ಔಷಧದ ಕಥೆಗಿಂತಲೂ ಇದು ದೊಡ್ಡ ಸಂಗತಿ ಎನ್ನಬೇಕು. ಏಕೆಂದರೆ ಗುಣವಾಗಬಲ್ಲುದೆಂಬ ನಂಬಿಕೆಯಿಲ್ಲದೆ ಮುದುಕರಿಗೆ ಔಷಧವನ್ನು ಯಾರೂ ಹುಡುಕುವುದಿಲ್ಲ.

ಇನ್ನು ಆ ಕಲ್ಲಿನ ಉಪ್ಪಿನ ಕಥೆ. ಲಂಡನ್ನಿನ ಗ್ಯಾರಡ್ ಎಂಬ ವೈದ್ಯನು ಗೌಟ್ ಎಂಬ ವಾತರಕ್ತದಲ್ಲಿ ರಕ್ತದೊಳಗೆ ಯೂರಿಕ್ ಆಮ್ಲವು ಹೆಚ್ಚುವುದೆಂದು ಕಂಡುಹಿಡಿದು, ಅದನ್ನು ಕರಗಿಸಲು ಲಿಥಿಯಂ ಒಳ್ಳೆಯದೆಂದು 1859ರಲ್ಲಿ ಬರೆದನು. ಅಲ್ಲಿಂದ ಮುಂದೆ ಕೀಲುನೋವಿನ ಮುದುಕರು ಲಿಥಿಯಂ ನೀರನ್ನು ಕುಡಿಯತೊಡಗಿದರು. ಅಮೆರಿಕದ ಹ್ಯಾಮಂಡ್ ಎಂಬವನು 1871ರಲ್ಲಿ ಇದನ್ನು ಉನ್ಮಾದಕ್ಕೂ, ಡೆನ್ಮಾರ್ಕಿನ ಕಾರ್ಲ್ ಲಾಂಗೆಯು ಕೆಲವು ವರ್ಷಗಳ ಅನಂತರ ಮರುಕಳಿಸುವ ವಿಷಾದಕ್ಕೂ ಪ್ರಯೋಗಿಸಿದ್ದುಂಟು. ಆದರೆ ಅವರ ಮಾತು ಮರೆತುಹೋಯಿತು. 1929ರಲ್ಲಿ ಅಮೆರಿಕದ ಅಂಗಡಿಗಳಿಗೆ ಬಂದ, ಮುಂದೆ ಸೆವೆನ್ ಅಪ್ ಎಂದು ಹೆಸರಾದ ನಿಂಬೆಯ ಪಾನಕದಲ್ಲಿಯೂ ಮೊದಲು ಲಿಥಿಯಂ ಇದ್ದಿತೆಂದರೆ ವಾಚಕರಿಗೆ ಸೋಜಿಗವಾಗಬಹುದು.

ಆಸ್ಟ್ರೇಲಿಯಾದ ಜಾನ್ ಕೇಡ್ ಅವರು ಎರಡನೆಯ ಮಹಾಯುದ್ಧದಲ್ಲಿ ಸಿಂಗಪುರದ ಚಾಂಗಿಯಲ್ಲಿ ಜಪಾನೀಯರ ಸೆರೆಯಾಳಾಗಿ ಮೂರೂವರೆ ವರ್ಷ ಕಳೆದವರು. ಯುದ್ಧದ ತರುವಾಯ ಮೆಲ್ಬರ್ನ್ ಬಳಿಯ ಬಂಡೂರಾ ಆಸ್ಪತ್ರೆಯಲ್ಲಿ, ಬಳಕೆ ತಪ್ಪಿದ ಒಂದು ಉಗ್ರಾಣದ ಕೋಣೆಯೇ ಅವರ ಪ್ರಯೋಗಶಾಲೆಯಾಯಿತು. ರೋಗಿಗಳ ಮೂತ್ರದ ಸೀಸೆಗಳು ಮನೆಯ ತಂಗಳಪೆಟ್ಟಿಗೆಯಲ್ಲಿ ಇದ್ದವು. ಉನ್ಮಾದವು ದೇಹದಲ್ಲಿ ಹುಟ್ಟುವ ಯಾವುದೋ ವಿಷದಿಂದ ಬರುವುದೆಂಬುದು ಅವರ ಊಹೆ. ಅದನ್ನು ಪರೀಕ್ಷಿಸಲು ಗಿನಿಪಿಗ್ ಎಂಬ ಸಣ್ಣ ಪ್ರಾಣಿಗಳಿಗೆ ಯೂರಿಕ್ ಆಮ್ಲವನ್ನು ಚುಚ್ಚಬೇಕಾಗಿತ್ತು. ಅದು ನೀರಿನಲ್ಲಿ ಕರಗದು, ಲಿಥಿಯಂ ಕೂಡಿಸಿದರೆ ಕರಗುವುದು. ಹಾಗೆ ಮಾಡಲು ಪ್ರಾಣಿಗಳು ಶಾಂತವಾಗಿ ಮಲಗಿಬಿಟ್ಟವು. ಊಹೆಯು ತಪ್ಪಾಗಿದ್ದಿತು, ಹಿಡಿದ ಜಾಡು ಮಾತ್ರ ಸರಿಯಾದುದು. ಮೊದಲು ತಾವೇ ಆ ಉಪ್ಪನ್ನು ಸೇವಿಸಿ ನೋಡಿ, 1948ರಲ್ಲಿ ಕೇಡ್ ಅವರು ಅದನ್ನು ರೋಗಿಗಳಿಗೆ ಕೊಟ್ಟರು.

ಮೊದಲನೆಯ ರೋಗಿಗೆ 51 ವರ್ಷ. ಐದು ವರ್ಷಗಳಿಂದ ಉನ್ಮಾದವು ಇಳಿದಿರಲಿಲ್ಲ. ಕೊಳಕು, ಗದ್ದಲ, ಕಂಡುದನ್ನು ಒಡೆಯುವ ಚೇಷ್ಟೆ. ಆ ವಾರ್ಡಿನಲ್ಲಿಯೇ ಸಾಯುವವನೆಂದು ಎಲ್ಲರೂ ನಿಶ್ಚಯಿಸಿದ್ದರು. ಔಷಧವನ್ನು ಕೊಟ್ಟ ಕೆಲವೇ ದಿನಗಳಲ್ಲಿ ಆತನು ಸಮಾಧಾನಕ್ಕೆ ಬಂದನು. ಮೂರು ವಾರಗಳಲ್ಲಿ ಚೇತರಿಸಿಕೊಳ್ಳುವವರ ವಾರ್ಡಿಗೆ ಹೋದನು. ಜುಲೈ ತಿಂಗಳಲ್ಲಿ ಮನೆಗೆ ಹೋಗಿ ತನ್ನ ಹಳೆಯ ಕೆಲಸಕ್ಕೂ ಸೇರಿಕೊಂಡನು. ಹೀಗೆ ಹತ್ತು ಮಂದಿ ಉನ್ಮಾದರೋಗಿಗಳ ವೃತ್ತಾಂತವನ್ನು ಕೇಡ್ ಅವರು 1949ರ ಸೆಪ್ಟೆಂಬರ್ 3ರ ಆಸ್ಟ್ರೇಲಿಯಾ ವೈದ್ಯಪತ್ರಿಕೆಯಲ್ಲಿ ಪ್ರಕಟಿಸಿದರು. ಇಲ್ಲಿಗೇ ನಿಲ್ಲಿಸಿದರೆ ಇದು ಮಂಗಳಕರವಾದ ಕಥೆ. ಆದರೆ ಆ ಮನುಷ್ಯನು ಚೆನ್ನಾಗಿದ್ದೇನೆಂದು ಔಷಧವನ್ನು ಬಿಟ್ಟನು; ಉನ್ಮಾದವು ಮರಳಿತು; ಮತ್ತೆ ಆಸ್ಪತ್ರೆ, ಮತ್ತೆ ಅದೇ ಉಪ್ಪು. ಈ ಸಲ ದೇಹವು ಅದನ್ನು ತಾಳಲಿಲ್ಲ. 1950ರ ಮೇ ತಿಂಗಳಲ್ಲಿ ಆತನು ಲಿಥಿಯಂ ವಿಷವೇರಿ ಸತ್ತನು. ಕೇಡ್ ಅವರು ಅದರ ಬಳಕೆಯನ್ನು ನಿಲ್ಲಿಸಿಬಿಟ್ಟರು.

ಅದೇ ವೇಳೆಗೆ ಭೂಮಿಯ ಇನ್ನೊಂದು ಬದಿಯಲ್ಲಿ ಮತ್ತೊಂದು ಅನರ್ಥ ನಡೆದಿದ್ದಿತು. ಅಮೆರಿಕದಲ್ಲಿ ಹೃದ್ರೋಗಿಗಳಿಗೂ ರಕ್ತದ ಒತ್ತಡವುಳ್ಳವರಿಗೂ ಉಪ್ಪಿಲ್ಲದ ಪಥ್ಯವನ್ನು ವಿಧಿಸುತ್ತಿದ್ದರು. ಸಪ್ಪೆಯೂಟವನ್ನು ಉಣ್ಣಲಾರದವರಿಗಾಗಿ ಲಿಥಿಯಂ ಕ್ಲೋರೈಡನ್ನು ಊಟದ ಮೇಲೆ ಚಿಮುಕಿಸಿಕೊಳ್ಳುವ ಬದಲಿ ಉಪ್ಪೆಂದು ಅಂಗಡಿಗಳಲ್ಲಿ ಮಾರಿದರು. ಅಳತೆಯಿಲ್ಲ, ವೈದ್ಯನ ಚೀಟಿಯಿಲ್ಲ. ಕೆಲವರಿಗೆ ನಡುಕ ಹತ್ತಿತು, ಕೆಲವರ ಕಣ್ಣು ಮಂಜಾಯಿತು, ಹಲವರು ಸತ್ತರು. 1949ರ ಆರಂಭದಲ್ಲಿ ಸರಕಾರವು ಆ ಸರಕನ್ನು ಅಂಗಡಿಗಳಿಂದ ತೆಗೆಯಿಸಿತು. ಇದಕ್ಕಿಂತ ಕೆಟ್ಟ ಸಂಯೋಗವು ಮತ್ತೊಂದಿರಲಾರದು. ಮೂತ್ರಪಿಂಡವು ಅಡಿಗೆಯ ಉಪ್ಪನ್ನೂ ಲಿಥಿಯಮನ್ನೂ ಬಹುಮಟ್ಟಿಗೆ ಒಂದೇ ರೀತಿಯಲ್ಲಿ ನೋಡುತ್ತದೆ. ಊಟದಲ್ಲಿ ಉಪ್ಪು ಕಡಮೆಯಾದರೆ ಅದು ಉಪ್ಪನ್ನು ಹೊರಗೆ ಬಿಡದೆ ಹಿಡಿದಿಟ್ಟುಕೊಳ್ಳುತ್ತದೆ. ಜತೆಯಲ್ಲಿ ಲಿಥಿಯಮನ್ನೂ ಹಿಡಿದಿಡುತ್ತದೆ. ಉಪ್ಪು ಬಿಟ್ಟವರಿಗೇ ಈ ಉಪ್ಪನ್ನು ಕೊಟ್ಟರೆ ಅದು ರಕ್ತದಲ್ಲಿ ಏರುತ್ತಲೇ ಹೋಗುವುದು.

ಬಿಟ್ಟುಹೋಗಬೇಕಾಗಿದ್ದ ಈ ಔಷಧವನ್ನು ಉಳಿಸಿದುದು ಅಳತೆ. ಮೆಲ್ಬರ್ನಿನಲ್ಲಿಯೇ ನೊಯಾಕ್ ಮತ್ತು ಟ್ರಾಟ್ನರ್ ಅವರು ನೂರಕ್ಕಿಂತ ಹೆಚ್ಚು ರೋಗಿಗಳ ಅನುಭವವನ್ನು 1951ರಲ್ಲಿ ಬರೆದರು. ರಕ್ತದ ಹನಿಯನ್ನು ಜ್ವಾಲೆಗೆ ಹಿಡಿದು, ಆ ಕೆಂಪಿನ ಪ್ರಖರತೆಯಿಂದ ಲಿಥಿಯಂ ಎಷ್ಟಿದೆಯೆಂದು ಹೇಳುವ ಯಂತ್ರವು ಬಳಕೆಗೆ ಬಂದಿತು. ಡೆನ್ಮಾರ್ಕಿನ ಮೊಗೆನ್ಸ್ ಶೌ ಅವರು ಈ ಅಳತೆಯನ್ನು ಕೈಯಲ್ಲಿ ಹಿಡಿದೇ 1954ರಲ್ಲಿ ಕ್ರಮಬದ್ಧವಾದ ಪರೀಕ್ಷೆಯನ್ನು ನಡೆಸಿ ಲಿಥಿಯಂ ಉನ್ಮಾದವನ್ನು ಇಳಿಸುವುದೆಂದು ಸ್ಥಾಪಿಸಿದರು. ಅವರ ಸ್ವಂತ ಸಹೋದರನೇ ಮರುಕಳಿಸುವ ವಿಷಾದದಿಂದ ನರಳುತ್ತಿದ್ದು ಈ ಔಷಧದಿಂದ ಬದುಕನ್ನು ಮರಳಿ ಪಡೆದನು. ಅಷ್ಟಕ್ಕೇ ಲಂಡನ್ನಿನವರು, ಮರುಕಳಿಕೆಯನ್ನು ತಡೆಯುವುದೆಂಬುದು ಬರಿಯ ಕಟ್ಟುಕಥೆಯೆಂದು 1968ರಲ್ಲಿ ಹೀಯಾಳಿಸಿದರು. ಬಾಸ್ಟ್ರುಪ್ ಮತ್ತು ಶೌ ಅವರು 1970ರಲ್ಲಿ, ಯಾರಿಗೆ ಔಷಧ ಯಾರಿಗೆ ಬರಿಯ ಗುಳಿಗೆ ಎಂಬುದನ್ನು ರೋಗಿಗೂ ವೈದ್ಯನಿಗೂ ತಿಳಿಸದೆ ಪರೀಕ್ಷಿಸಿ ಉತ್ತರಕೊಟ್ಟರು. ಅದೇ ವರ್ಷ ಅಮೆರಿಕ ಸರಕಾರವೂ ಒಪ್ಪಿಗೆಯಿತ್ತಿತು.

ಬೇರೆ ಮದ್ದುಗಳೂ ಇದೇ ಕಾಲದಲ್ಲಿ ಬಂದವು. ಕಲ್ಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ಅವರು ಸರ್ಪಗಂಧದ ಬೇರು ಉನ್ಮಾದವನ್ನೂ ರಕ್ತದ ಒತ್ತಡವನ್ನೂ ಇಳಿಸುವುದೆಂದು 1931ರಲ್ಲಿಯೇ ಬರೆದಿದ್ದರು. ಪಾಶ್ಚಾತ್ಯರು ಅದರ ಸತ್ತ್ವವನ್ನು ತೆಗೆದುದು 1952ರಲ್ಲಿ. ಆದರೆ ಅದು ಕೆಲವರನ್ನು ವಿಷಾದಕ್ಕೆ ತಳ್ಳುವುದು ಕಂಡುಬಂದು ಹಿಂದೆ ಬಿದ್ದಿತು. ಅದೇ 1952ರಲ್ಲಿ ಪ್ಯಾರಿಸ್ಸಿನ ಸಂತ ಆನ್ ಆಸ್ಪತ್ರೆಯಲ್ಲಿ ಕ್ಲೋರ್‌ಪ್ರೊಮಜೀನ್ ಪಡೆದ ಮೊದಲಿಗರಲ್ಲಿ 57 ವರ್ಷದ ಕೂಲಿಯವನೊಬ್ಬನು, ತಲೆಯ ಮೇಲೆ ಹೂಕುಂಡವನ್ನಿಟ್ಟುಕೊಂಡು ಬೀದಿಯಲ್ಲಿ ಸ್ವಾತಂತ್ರ್ಯದ ಉಪನ್ಯಾಸ ಮಾಡುತ್ತಿದ್ದವನು. ಮೂರು ವಾರಗಳಲ್ಲಿ ಮನೆಗೆ ಹೋಗುವಂತಾದನು. ಆ ಜಾತಿಯ ಔಷಧಗಳು ಇಂದಿಗೂ ಉಪಯೋಗದಲ್ಲಿವೆ. ಆದರೆ ನಿಜವಾದ ಅರಳುಮರಳಿನವರಿಗೆ ಅವನ್ನು ಕೊಟ್ಟರೆ ಸಾವಿನ ಸಂಭವವು ಹೆಚ್ಚುವುದೆಂದು ಅಮೆರಿಕದ ಔಷಧ ಇಲಾಖೆಯು 2005ರಲ್ಲಿ ಎಚ್ಚರಿಸಿತು. ರಾತ್ ಅವರು ಎಳೆದ ಗೆರೆಯು ಬರಿಯ ಪಾಂಡಿತ್ಯದ ಗೆರೆಯಲ್ಲವೆಂಬುದು ಇಲ್ಲಿ ಸ್ಪಷ್ಟವಾಗುತ್ತದೆ. ಮೂರ್ಛೆರೋಗದ ವಾಲ್ಪ್ರೊಯೇಟ್ ಎಂಬ ಔಷಧವೂ 1960ರ ದಶಕದಿಂದ ಈ ವ್ಯಾಧಿಗೆ ಉಪಯೋಗಕ್ಕೆ ಬಂದಿತು. ಔಷಧಕ್ಕೆ ಬಗ್ಗದ ಉಗ್ರ ಸ್ಥಿತಿಯಲ್ಲಿ, 1938ರಲ್ಲಿ ರೋಮ್ ನಗರದಲ್ಲಿ ಹುಟ್ಟಿದ ವಿದ್ಯುತ್ ಚಿಕಿತ್ಸೆಯನ್ನು ಇಂದು ಅರಿವಳಿಕೆಯಿತ್ತು ವೃದ್ಧರಿಗೂ ನಡೆಸುತ್ತಾರೆ.

ಆದರೂ ಈ ಪರೀಕ್ಷೆಗಳೆಲ್ಲವೂ ಹೆಚ್ಚಾಗಿ ನಡುವಯಸ್ಸಿನವರ ಮೇಲೆ ನಡೆದವು. ಎಪ್ಪತ್ತು ವರ್ಷದವರ ದೇಹವು ಮೂವತ್ತರ ದೇಹವಲ್ಲ. ವಯಸ್ಸೇರಿದಂತೆ ದೇಹದ ನೀರು ಕಡಮೆಯಾಗುತ್ತದೆ, ಮೂತ್ರಪಿಂಡವು ಸೋಸುವ ಶಕ್ತಿಯು ಕುಂದುತ್ತದೆ; ಒಂದೇ ಗುಳಿಗೆಯು ರಕ್ತದಲ್ಲಿ ಹೆಚ್ಚು ಹೊತ್ತು, ಹೆಚ್ಚು ಪ್ರಮಾಣದಲ್ಲಿ ನಿಲ್ಲುತ್ತದೆ. ಇದರ ಮೇಲೆ ರಕ್ತದ ಒತ್ತಡದ ಗುಳಿಗೆ, ಕಾಲಿನ ಬಾವಿಗೆ ಮೂತ್ರ ಹೆಚ್ಚಿಸುವ ಗುಳಿಗೆ, ಮಂಡಿನೋವಿಗೆ ನೋವಿನ ಗುಳಿಗೆ. ಕೆನಡಾದ ಒಂಟೇರಿಯೊ ಪ್ರಾಂತದಲ್ಲಿ ಲಿಥಿಯಂ ಸೇವಿಸುತ್ತಿದ್ದ ಹತ್ತು ಸಾವಿರಕ್ಕೂ ಹೆಚ್ಚು ವೃದ್ಧರ ದಾಖಲೆಗಳನ್ನು ಪರಿಶೀಲಿಸಿದ ವರದಿಯೊಂದು 2004ರಲ್ಲಿ ಬಂದಿತು. ಅವರಲ್ಲಿ 413 ಮಂದಿ ಲಿಥಿಯಂ ವಿಷವೇರಿ ಆಸ್ಪತ್ರೆಗೆ ಸೇರಿದ್ದರು. ಮೂತ್ರ ಹೆಚ್ಚಿಸುವ ಒಂದು ಬಗೆಯ ಔಷಧವನ್ನು ಹೊಸದಾಗಿ ಆರಂಭಿಸಿದ ತಿಂಗಳಿನೊಳಗೆ ಈ ಅಪಾಯವು ಐದೂವರೆ ಪಟ್ಟು, ಎಸಿಇ ಪ್ರತಿಬಂಧಕವೆಂಬ ರಕ್ತದೊತ್ತಡದ ಔಷಧವನ್ನು ಆರಂಭಿಸಿದಲ್ಲಿ ಏಳೂವರೆ ಪಟ್ಟು ಹೆಚ್ಚಿದ್ದಿತು. ಒಬ್ಬ ವೈದ್ಯನು ಕೊಟ್ಟುದನ್ನು ಇನ್ನೊಬ್ಬನು ಕೇಳದಿದ್ದುದೇ ಹಲವು ಕಡೆ ಕಾರಣವಾಗಿದ್ದಿರಬೇಕು. ವಿಷವೇರುವ ಲಕ್ಷಣಗಳಾದರೂ ಏನು? ಕೈನಡುಕ, ತೂರಾಟ, ತೊದಲು, ಮರೆವು, ಗೊಂದಲ. ಮನೆಯವರು ಇದನ್ನೂ ವಯಸ್ಸಿನ ಮೇಲೆಯೇ ಹೊರಿಸುವುದುಂಟು. ಮೊದಲು ರೋಗವನ್ನು ಅರಳುಮರಳೆಂದು ಬಿಟ್ಟರು. ಈಗ ಔಷಧದ ವಿಷವನ್ನೂ ಅರಳುಮರಳೆಂದು ಬಿಡುವರು. ವಾಂತಿಭೇದಿಯಾದಾಗ, ಬೇಸಗೆಯಲ್ಲಿ ಬೆವರು ಹರಿದು ನೀರು ಕುಡಿಯದಿದ್ದಾಗ, ಒಮ್ಮೆಗೇ ಉಪ್ಪನ್ನು ಬಿಟ್ಟಾಗ ರಕ್ತಪರೀಕ್ಷೆಯನ್ನು ಮಾಡಿಸಬೇಕೆಂದು ವೈದ್ಯರು ಒತ್ತಿಹೇಳುವುದು ಇದಕ್ಕಾಗಿಯೇ.

ಅಂತರರಾಷ್ಟ್ರೀಯ ಬೈಪೋಲಾರ್ ಸಂಘವು ನೇಮಿಸಿದ ತಜ್ಞರ ಮಂಡಲಿಯು 2015ರಲ್ಲಿ ತನ್ನ ವರದಿಯನ್ನು ಪ್ರಕಟಿಸಿತು. ಈ ವ್ಯಾಧಿಯುಳ್ಳವರಲ್ಲಿ ಸುಮಾರು ಕಾಲುಭಾಗದಷ್ಟು ಜನರು ಅರವತ್ತು ದಾಟಿದವರು. ಮೊದಲ ಉನ್ಮಾದವು ಐವತ್ತರ ಅನಂತರ ಕಾಣಿಸಿಕೊಳ್ಳುವುದು ನೂರಕ್ಕೆ ಐದರಿಂದ ಹತ್ತು ಮಂದಿಯಲ್ಲಿ. ಅಂತಹವರಲ್ಲಿ ಮೆದುಳಿನ ಆಘಾತವೋ, ಥೈರಾಯಿಡ್ ಗ್ರಂಥಿಯ ಅತಿಕ್ರಿಯೆಯೋ, ಸ್ಟೆರಾಯ್ಡ್ ಔಷಧವೋ ಮೂಲವಾಗಿರಬಹುದೆಂದು 1978ರಿಂದಲೇ ವೈದ್ಯರು ಹುಡುಕುವುದನ್ನು ಕಲಿತಿರುವರು. ಮೂಲವನ್ನು ಸರಿಪಡಿಸಿದರೆ ಉನ್ಮಾದವೂ ಇಳಿಯುವುದುಂಟು. ಲಿಥಿಯಂ ಅಳತೆಯ ವಿಷಯದಲ್ಲಿ ಸಾಮಾನ್ಯವಾಗಿ ವೃದ್ಧರ ರಕ್ತದಲ್ಲಿ ಲೀಟರಿಗೆ 0.4ರಿಂದ 0.8 ಮಿಲಿಮೋಲ್‌ನಷ್ಟಿದ್ದರೆ ಸಾಕೆಂದು ಈಗ ಹೇಳುತ್ತಾರೆ. ತರುಣರ ಅಳತೆಯು ಇದಕ್ಕಿಂತ ಮೇಲೆ. ಅರವತ್ತು ಮೀರಿದವರನ್ನೇ ಆರಿಸಿಕೊಂಡು ಉನ್ಮಾದದ ಔಷಧಗಳನ್ನು ಹೋಲಿಸಿದ ದೊಡ್ಡ ಪರೀಕ್ಷೆಯು ಮುಗಿದು ಪ್ರಕಟವಾದುದು 2017ರಲ್ಲಿ, ರಾಬರ್ಟ್ ಯಂಗ್ ಮತ್ತು ಸಂಗಡಿಗರಿಂದ, ಅಮೆರಿಕದಲ್ಲಿ. 224 ಮಂದಿ ವೃದ್ಧರು, ಒಂಬತ್ತು ವಾರಗಳು, ಒಂದು ಪಕ್ಕದಲ್ಲಿ ಲಿಥಿಯಂ, ಇನ್ನೊಂದು ಪಕ್ಕದಲ್ಲಿ ವಾಲ್ಪ್ರೊಯೇಟ್. ಅಳೆದು ಕೊಟ್ಟುದರಿಂದ ಎರಡನ್ನೂ ವೃದ್ಧರು ತಾಳಿಕೊಂಡರು. ಉನ್ಮಾದವನ್ನು ಹೆಚ್ಚು ಇಳಿಸಿದುದು ಲಿಥಿಯಂ. ಕೇಡ್ ಅವರ ಪ್ರಬಂಧಕ್ಕೂ ಈ ಪರೀಕ್ಷೆಗೂ ನಡುವೆ ಅರುವತ್ತೆಂಟು ವರ್ಷಗಳು ಕಳೆದಿದ್ದವು. ಮುದುಕರ ಸರದಿಯು ಕಡೆಗೇ ಬರುವುದೆಂಬುದು ವೈದ್ಯಚರಿತ್ರೆಯಲ್ಲಿಯೂ ನಿಜ.

ಈಗ ಎದ್ದಿರುವುದು ಹಿಂದೆ ಇಲ್ಲದ ಒಂದು ಪ್ರಶ್ನೆ. 1970ರ ದಶಕದಲ್ಲಿ ಮೂವತ್ತು ನಲವತ್ತರ ವಯಸ್ಸಿನಲ್ಲಿ ಲಿಥಿಯಂ ಹಿಡಿದವರು ಇಂದು ಎಂಬತ್ತರ ಆಚೀಚೆ ಇದ್ದಾರೆ. ಆ ಉಪ್ಪಿನೊಡನೆ ಮುದುಕರಾದ ಮೊದಲನೆಯ ತಲೆಮಾರು ಅವರದು. ಅವರಲ್ಲಿ ಕೆಲವರ ಮೂತ್ರಪಿಂಡವು ಕ್ಷೀಣಿಸುತ್ತಿದೆ. ಔಷಧವನ್ನು ಮುಂದುವರಿಸಿದರೆ ಅದು ಇನ್ನಷ್ಟು ಕೆಡಬಹುದು. ನಿಲ್ಲಿಸಿದರೆ, ನಾಲ್ಕು ದಶಕಗಳಿಂದ ಮನೆಯ ಹೊರಗೆ ನಿಂತಿದ್ದ ಉನ್ಮಾದವು ಒಳಗೆ ಬರಬಹುದು. ಎಲ್ಲರಿಗೂ ಒಪ್ಪುವ ನಿಯಮವೆಂಬುದು ಇಲ್ಲಿಲ್ಲ. ಮೂತ್ರಪಿಂಡದ ತಜ್ಞರೂ ಮನೋವೈದ್ಯರೂ ಕೂಡಿ, ವರ್ಷಕ್ಕೆ ಹಲವು ಸಲ ರಕ್ತವನ್ನು ಪರೀಕ್ಷಿಸಿ, ರೋಗಿಯನ್ನೂ ಮನೆಯವರನ್ನೂ ಕೇಳಿ, ಒಬ್ಬೊಬ್ಬರ ವಿಷಯದಲ್ಲಿ ಬೇರೆಬೇರೆಯಾಗಿ ತೀರ್ಮಾನಿಸುತ್ತಿದ್ದಾರೆ.